ಹಾಕಿದ ಗೊಬ್ಬರ ಯಾವಾಗ ಕರಗುತ್ತೆ? ಹೊಲಕ್ಕೆ ಹಾಕೋ ಮೊದಲೇ ಲೆಕ್ಕ ಹಾಕಿ

ಮೊದಲ ಮಳೆ ಬೀಳೋ ಮುಂಚೆ ತಿಪ್ಪೆ ತೆಗೆಯೋ ಕೆಲಸ ಎಲ್ಲಾ ಕಡೆ ಶುರುವಾಗುತ್ತೆ. ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ, ಲೋಡಿನ ಬೆಲೆ ಎಲ್ಲಾ ಸೇರಿ ಸಾವಿರಾರು ರೂಪಾಯಿ ಹೋಗುತ್ತೆ. ಇಷ್ಟು ಖರ್ಚು ಮಾಡಿದ ಮೇಲೂ ಕೆಲವು ಹೊಲಗಳಲ್ಲಿ ಒಂದು ವಿಚಿತ್ರ ನಡೆಯುತ್ತೆ. ಗೊಬ್ಬರ ಹಾಕಿದ ಜಾಗದಲ್ಲೇ ಪೈರು ಹಳದಿ ತಿರುಗುತ್ತೆ, ಹಾಕದ ಜಾಗದಲ್ಲಿ ಹಸಿರಾಗಿರುತ್ತೆ!

ಚನ್ನಪಟ್ಟಣದ ಕಡೆ ಹಸಿ ನಾರಿನ ಪುಡಿ ತುಂಬಿದ ಬಾಳೆ ಗುಂಡಿಯಲ್ಲಿ ಇದನ್ನು ನೋಡಬಹುದು. ಕನಕಪುರದ ಕಡೆ ಹುಳು ಮನೆಯ ಕಡ್ಡಿ-ಕಸವನ್ನು ಸಾಲಿನಲ್ಲಿ ಹೂತ ಹಿಪ್ಪುನೇರಳೆ ತೋಟದಲ್ಲಿ, ಮಾಗಡಿಯ ಕಡೆ ಮುಗ್ಗಿದ ಹುಲ್ಲನ್ನು ಉತ್ತು ತಕ್ಷಣ ಬಿತ್ತಿದ ರಾಗಿ ಹೊಲದಲ್ಲೂ ನೋಡಬಹುದು. ಆಗ ನಾವು ಬೀಜ ಸರಿ ಇಲ್ಲ ಅಂತೀವಿ, ರೋಗ ಅಂತೀವಿ, ಔಷಧಿ ಅಂಗಡಿಗೆ ಹೋಗ್ತೀವಿ. ನಿಜವಾದ ಕಾರಣ ಬೇರೆ. ಆ ಗೊಬ್ಬರ ಆ ಹೊತ್ತಿನಲ್ಲಿ ಬೆಳೆಗೆ ಊಟ ಕೊಡ್ತಾ ಇಲ್ಲ, ಬೆಳೆಯ ಊಟವನ್ನೇ ತಿಂತಾ ಇದೆ.

ಯಾವ ತ್ಯಾಜ್ಯ ಯಾವಾಗ ತಿನ್ನುತ್ತೆ, ಯಾವಾಗ ಕೊಡುತ್ತೆ ಅನ್ನೋದನ್ನ ಮೊದಲೇ ಅಂದಾಜು ಮಾಡಬಹುದು. ಅದಕ್ಕೆ ಲ್ಯಾಬ್ ಬೇಡ. ಮೊಬೈಲ್‌ನ ಕ್ಯಾಲ್ಕುಲೇಟರ್, ಅಡುಗೆ ಮನೆಯ ತಕ್ಕಡಿ, ಒಂದು ತುಂಡು ನೈಲಾನ್ ಜಾಲರಿ ಸಾಕು.

ಮಣ್ಣಿನೊಳಗೆ ನಡೆಯೋದೇನು?

ಗೊಬ್ಬರ ತಾನಾಗಿ ಕರಗಲ್ಲ. ಕೋಟ್ಯಂತರ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ತಿಂದು ಕರಗಿಸುತ್ತವೆ. ಅವಕ್ಕೆ ಮುಖ್ಯವಾಗಿ ಬೇಕಾದ್ದು ಎರಡು: ಶಕ್ತಿಗೆ ಇಂಗಾಲ, ಮೈ ಕಟ್ಟೋಕೆ ಸಾರಜನಕ. ತಿಂದ ಇಂಗಾಲದಲ್ಲಿ ಹೆಚ್ಚೂಕಮ್ಮಿ ಮೂರರಲ್ಲಿ ಎರಡು ಪಾಲು ಉಸಿರಾಗಿ ಗಾಳಿಗೆ ಹೋಗುತ್ತೆ. ಉಳಿದ ಒಂದು ಪಾಲು ಅವುಗಳ ಮೈಗೆ ಸೇರುತ್ತೆ. ಆ ಮೈಯಲ್ಲಿ ಸುಮಾರು 8 ಕಿಲೋ ಇಂಗಾಲಕ್ಕೆ 1 ಕಿಲೋ ಸಾರಜನಕ ಇರಲೇಬೇಕು.

ಈಗ ಲೆಕ್ಕ ಮಾಡಿ. 100 ಕಿಲೋ ಒಣ ತ್ಯಾಜ್ಯದಲ್ಲಿ ಸುಮಾರು 40 ಕಿಲೋ ಇಂಗಾಲ ಇರುತ್ತೆ. ಅದರಲ್ಲಿ 13 ಕಿಲೋ ಸೂಕ್ಷ್ಮಜೀವಿಗಳ ಮೈಗೆ. 13ನ್ನು 8ರಿಂದ ಭಾಗಿಸಿದರೆ ಸುಮಾರು 1.6 ಕಿಲೋ ಸಾರಜನಕ ಬೇಕು. ತ್ಯಾಜ್ಯದಲ್ಲೇ 1.6 ಕಿಲೋಗಿಂತ ಹೆಚ್ಚು ಸಾರಜನಕ ಇದ್ದರೆ ಮಿಕ್ಕಿದ್ದು ಬೆಳೆಗೆ ಸಿಗುತ್ತೆ. ಕಡಿಮೆ ಇದ್ದರೆ ಕೊರತೆಯನ್ನು ಅವು ಮಣ್ಣಿನಿಂದ ಎಳ್ಕೊಳ್ಳುತ್ತವೆ. ಅಂದ್ರೆ ನಿಮ್ಮ ಯೂರಿಯಾಗೆ ಕೈ ಹಾಕುತ್ತವೆ.

40ನ್ನು 1.6ರಿಂದ ಭಾಗಿಸಿದರೆ 25. ಕೃಷಿ ಪುಸ್ತಕಗಳಲ್ಲಿ ಬರೋ "ಇಂಗಾಲ-ಸಾರಜನಕ ಅನುಪಾತ 25" ಅನ್ನೋ ಗಡಿ ಹುಟ್ಟಿದ್ದು ಹೀಗೆ. 25ಕ್ಕಿಂತ ಕೆಳಗಿದ್ದರೆ ಕೊಡೋ ಗೊಬ್ಬರ, ಮೇಲಿದ್ದರೆ ಸಾಲ ಕೇಳೋ ಗೊಬ್ಬರ.

ನಮ್ಮ ಕಡೆಯ ತ್ಯಾಜ್ಯಗಳು ಎಲ್ಲೆಲ್ಲಿ ನಿಲ್ಲುತ್ತವೆ?

ಈ ಅಂಕಿಗಳು ಅಂದಾಜು. ತೇವ, ವಯಸ್ಸು, ಬೆರೆತ ಮಣ್ಣಿನ ಮೇಲೆ ಹೆಚ್ಚು ಕಡಿಮೆ ಆಗುತ್ತವೆ.

- ಹೊಟ್ಟು ಬೆರೆಯದ ಕೋಳಿ ಗೊಬ್ಬರ: 10ರ ಆಸುಪಾಸು. ಬಹಳ ಬೇಗ ಕರಗುತ್ತೆ. ಹೊಟ್ಟು ಜಾಸ್ತಿ ಬೆರೆತಷ್ಟೂ ಅಂಕಿ ಮೇಲೇರುತ್ತೆ.
- ಗ್ಲಿರಿಸಿಡಿಯಾ, ಹೊಂಗೆ ಸೊಪ್ಪು, ಹೂ ಬಿಡೋ ಮುಂಚಿನ ಅಪ್ಸೆಣಬು: 12ರಿಂದ 20.
- ರೇಷ್ಮೆ ಹುಳುವಿನ ಹಿಕ್ಕೆ ಮತ್ತು ತಿಂದು ಬಿಟ್ಟ ಸೊಪ್ಪು: 15ರಿಂದ 20.
- ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ: 15ರಿಂದ 20. ಹಸಿ ಸಗಣಿ: 20ರಿಂದ 25.
- ಹಿಪ್ಪುನೇರಳೆ ಕಡ್ಡಿ: 40 ದಾಟುತ್ತೆ. ಬಲಿತಷ್ಟೂ ಹೆಚ್ಚು.
- ರಾಗಿ ಹುಲ್ಲು, ಭತ್ತದ ಹುಲ್ಲು: 60ರಿಂದ 80.
- ತೆಂಗಿನ ನಾರಿನ ಪುಡಿ: 100ಕ್ಕಿಂತ ಹೆಚ್ಚು.
- ಮರದ ಹೊಟ್ಟು: 200ರಿಂದ 500. ಚನ್ನಪಟ್ಟಣದ ಬೊಂಬೆ ಕಾರ್ಖಾನೆಗಳಲ್ಲಿ ಆಲೆ ಮರ ಕಡೆಯುವಾಗ ಬೀಳೋ ಹೊಟ್ಟೂ ಇದೇ ಜಾತಿ. ಪುಕ್ಕಟೆ ಸಿಗುತ್ತೆ ಅಂತ ನೇರ ಗುಂಡಿಗೆ ಸುರಿಯಬೇಡಿ.

ಒಂದು ಎಕರೆ ರಾಗಿಗೆ ಲೆಕ್ಕ

ದನ ಮುಟ್ಟದ, ಮುಗ್ಗಿದ ರಾಗಿ ಹುಲ್ಲು ಒಂದು ಟನ್ ಇದೆ ಅಂದುಕೊಳ್ಳಿ. ಅದನ್ನು ಹೊಲಕ್ಕೆ ಹರಡಿ ಉತ್ತು ಅದೇ ವಾರ ಬಿತ್ತನೆ ಮಾಡಿದ್ರಿ.

ಒಣ ಹುಲ್ಲಿನಲ್ಲಿ ಸಾರಜನಕ ಶೇಕಡಾ 0.6ರಷ್ಟು. ಅಂದ್ರೆ ಒಂದು ಟನ್ನಿಗೆ 6 ಕಿಲೋ. ಸೂಕ್ಷ್ಮಜೀವಿಗಳಿಗೆ ಬೇಕಾದ್ದು 16 ಕಿಲೋ. ಕೊರತೆ 10 ಕಿಲೋ. ಮಳೆಯಾಶ್ರಿತ ರಾಗಿಗೆ ಎಕರೆಗೆ ಶಿಫಾರಸಾದ ಸಾರಜನಕವೇ 20 ಕಿಲೋ. ಹಾಗಾಗಿ ಹುಲ್ಲು ಕರಗ್ತಾ ಕರಗ್ತಾ ಅದರಲ್ಲಿ ಅರ್ಧದಷ್ಟನ್ನು ಬಂಧಿಸಿಡುತ್ತೆ. ಇದು ಶಾಶ್ವತ ನಷ್ಟ ಅಲ್ಲ. ಸೂಕ್ಷ್ಮಜೀವಿಗಳು ಸತ್ತಾಗ ಆ ಸಾರಜನಕ ಮತ್ತೆ ಮಣ್ಣಿಗೆ ಬರುತ್ತೆ. ಆದರೆ ಅಷ್ಟರಲ್ಲಿ ರಾಗಿ ತೆಂಡೆ ಹೊಡೆಯೋ ಹೊತ್ತು ಮುಗಿದಿರುತ್ತೆ. ತೆಂಡೆ ಕಡಿಮೆ ಆದರೆ ತೆನೆ ಕಡಿಮೆ. ಆಮೇಲೆ ಎಷ್ಟು ಯೂರಿಯಾ ಎರಚಿದರೂ ಹೋದ ತೆಂಡೆ ವಾಪಸ್ ಬರಲ್ಲ.

ಅದೇ ಲೆಕ್ಕ ಗ್ಲಿರಿಸಿಡಿಯಾಗೆ ಹಾಕಿ. ಒಂದು ಟನ್ ಹಸಿ ಸೊಪ್ಪು ಒಣಗಿದರೆ ಸುಮಾರು 225 ಕಿಲೋ. ಸಾರಜನಕ ಶೇಕಡಾ 3ರಂತೆ 6.75 ಕಿಲೋ. ಸೂಕ್ಷ್ಮಜೀವಿಗಳಿಗೆ 3.6 ಕಿಲೋ. ಮಿಕ್ಕ 3 ಕಿಲೋ ಚಿಲ್ಲರೆ ಬೆಳೆಗೆ. ಯೂರಿಯಾದಲ್ಲಿ ಶೇಕಡಾ 46 ಸಾರಜನಕ ಇರೋದರಿಂದ ಇದು ಸುಮಾರು 7 ಕಿಲೋ ಯೂರಿಯಾಗೆ ಸಮ. ದೊಡ್ಡ ಮೊತ್ತ ಅಲ್ಲ, ಆದರೆ ಬದುವಿನಿಂದ ಬಂದದ್ದು.

ಇಂಗಾಲ ಜಾಸ್ತಿ ಇರೋದರ ಜೊತೆ ಸಾರಜನಕ ಜಾಸ್ತಿ ಇರೋದನ್ನ ಬೆರೆಸಿದರೆ ಕೊರತೆ ಅಲ್ಲೇ ತೀರುತ್ತೆ. ಹಳಬರು ತಿಪ್ಪೆಗೆ ಸಗಣಿ, ಗಂಜಲ, ಹುಲ್ಲು, ಸೊಪ್ಪು ಪದರ ಪದರವಾಗಿ ಹಾಕ್ತಾ ಇದ್ದದ್ದು ಇದೇ ಲೆಕ್ಕ, ಅಂಕಿ ಇಲ್ಲದೆ.

ಅನುಪಾತ ಒಂದೇ ಸಾಲದು: ಎಲೆ ಮುರಿದು ನೋಡಿ

ಸಾರಜನಕ ಸಾಕಷ್ಟಿದ್ದರೂ ಕೆಲವು ಎಲೆ ಕರಗಲ್ಲ. ಮಾವಿನ ತೋಪಿನಲ್ಲಿ ಹೋದ ವರ್ಷದ ಎಲೆ ಇನ್ನೂ ಗರಿಗರಿಯಾಗಿ ಬಿದ್ದಿರುತ್ತೆ, ಹೊಂಗೆ ಮರದ ಕೆಳಗೆ ಹಾಗಿರಲ್ಲ. ಮಾವಿನ ಎಲೆಯ ಮೇಲೆ ಮೇಣದ ಪದರ, ಒಳಗೆ ಒಗರಿನ ಟ್ಯಾನಿನ್, ಗಟ್ಟಿಯಾದ ಲಿಗ್ನಿನ್ ಇರುತ್ತೆ. ಟ್ಯಾನಿನ್ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತೆ, ಲಿಗ್ನಿನ್ ಸೂಕ್ಷ್ಮಜೀವಿಗಳ ಹಲ್ಲಿಗೆ ಸುಲಭಕ್ಕೆ ಸಿಗಲ್ಲ.

ಆಫ್ರಿಕಾದ ಸಣ್ಣ ರೈತರಿಗಾಗಿ ಮಣ್ಣು ವಿಜ್ಞಾನಿಗಳು ಇದಕ್ಕೊಂದು ಸುಲಭ ದಾರಿ ಮಾಡಿದ್ದಾರೆ: ಎಲೆಯ ಬಣ್ಣ ನೋಡು, ಹರಿದು ನೋಡು, ಒಗರು ಇದೆಯಾ ನೋಡು. ನಮ್ಮ ಕಡೆಗೆ ಅದನ್ನು ಹೀಗೆ ಬಳಸಬಹುದು.

- ಹಸಿರಾಗಿದೆ, ಮೆತ್ತಗೆ ಹರಿಯುತ್ತೆ, ಒಗರಿಲ್ಲ: ನೇರವಾಗಿ ಮಣ್ಣಿಗೆ ಸೇರಿಸಿ.
- ಹಸಿರಾಗಿದೆ, ಆದರೆ ನಾರು ಅಥವಾ ಒಗರು ಇದೆ: ಸಗಣಿ ಜೊತೆ ಗುಂಡಿಗೆ ಹಾಕಿ ಕಳಿಸಿ.
- ಹಳದಿ ಅಥವಾ ಕಂದು, ಮುರಿದರೆ ಪುಡಿಯಾಗುತ್ತೆ: ಸಾರಜನಕ ಬಡವ. ಗುಂಡಿಗೆ, ಜೊತೆಗೆ ಸ್ವಲ್ಪ ಸಾರಜನಕ.
- ಹಳದಿ ಅಥವಾ ಕಂದು, ಚಕ್ಕಳದ ಥರ ಗಟ್ಟಿ: ಹೂಳಬೇಡಿ. ಮೇಲ್ಮುಚ್ಚಿಗೆಯಾಗಿ ಹಾಸಿ.

ಗೊತ್ತಿಲ್ಲದ ಎಲೆಯನ್ನ ನಾಲಿಗೆಗೆ ಇಡಬೇಡಿ. ವಿಷದ ಎಲೆಗಳೂ ಇವೆ.

ಹಾಸುವುದಕ್ಕೂ ಹೂಳುವುದಕ್ಕೂ ದೊಡ್ಡ ವ್ಯತ್ಯಾಸ ಇದೆ. ಮೇಲೆ ಹಾಸಿದ್ದು ಮಣ್ಣಿಗೆ ತಾಗೋದು ತಳದಲ್ಲಿ ಮಾತ್ರ, ಹಾಗಾಗಿ ನಿಧಾನಕ್ಕೆ ಕರಗುತ್ತೆ, ಬೇರಿನ ಬಳಿ ಇರೋ ಸಾರಜನಕವನ್ನೂ ಅಷ್ಟಾಗಿ ಎಳೆಯಲ್ಲ. ಮರದ ಹೊಟ್ಟು, ಮಾವಿನ ಎಲೆ, ತೆಂಗಿನ ಗರಿ ಇವೆಲ್ಲ ಹಾಸೋಕೆ ಒಳ್ಳೆಯವು, ಹೂಳೋಕೆ ಅಲ್ಲ.

ಬಿಸಿಲು, ತೇವ: ಕರಗೋ ವೇಗದ ಆಕ್ಸಿಲರೇಟರ್

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಹೊಲ ಪ್ರಯೋಗ ನಡೆಯುತ್ತಿದೆ. ಅಲ್ಲಿನ ವಿಜ್ಞಾನಿಗಳು ಮಣ್ಣಿನ ಇಂಗಾಲ ಹೇಗೆ ಕರಗುತ್ತೆ ಅಂತ ಮುಂಚಿತವಾಗಿ ಹೇಳೋ ಒಂದು ಕಂಪ್ಯೂಟರ್ ಮಾದರಿ ಮಾಡಿದ್ದಾರೆ. ಹೆಸರು ರಾಥ್‌-ಸಿ. ಅದರ ತರ್ಕ ಸರಳ. ಬೆಳೆ ಉಳಿಕೆಯನ್ನು ಎರಡು ಭಾಗ ಮಾಡು: ಶೇಕಡಾ 59 ಬೇಗ ಕರಗೋದು, ಶೇಕಡಾ 41 ನಿಧಾನಕ್ಕೆ ಕರಗೋದು. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಇದು 49, 49, ಉಳಿದ 2 ಆಗಲೇ ಹ್ಯೂಮಸ್.

ಅಲ್ಲಿನ ತಂಪು ಹವೆಯಲ್ಲಿ, ವರ್ಷದ ಸರಾಸರಿ 9 ಡಿಗ್ರಿ ಚಿಲ್ಲರೆಯಲ್ಲಿ, ಮಣ್ಣು ತೇವವಾಗಿದ್ದರೆ ಬೇಗ ಕರಗೋ ಭಾಗ ಅರ್ಧ ಆಗೋಕೆ ಸುಮಾರು 25 ದಿನ. ನಿಧಾನದ ಭಾಗಕ್ಕೆ ಎರಡು ವರ್ಷಕ್ಕೂ ಹೆಚ್ಚು. ಅದೇ ಮಾದರಿಗೆ 25 ಡಿಗ್ರಿ ಕೊಟ್ಟರೆ ವೇಗ ಸುಮಾರು 3.8 ಪಟ್ಟು ಆಗುತ್ತೆ. ಅಂದ್ರೆ ಒಳ್ಳೆ ತೇವ ಇರೋ ನಮ್ಮ ಮಣ್ಣಿನಲ್ಲಿ ಬೇಗದ ಭಾಗ ಒಂದು ವಾರಕ್ಕೇ ಅರ್ಧ, ನಿಧಾನದ ಭಾಗ ಏಳೆಂಟು ತಿಂಗಳಿಗೆ ಅರ್ಧ. ಮಣ್ಣು ಪೂರ್ತಿ ಒಣಗಿದರೆ ವೇಗ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಬೆಳೆ ಮುಚ್ಚಿದ ನೆಲದಲ್ಲಿ ಬರಿ ನೆಲದ 0.6ರಷ್ಟು ವೇಗ ಮಾತ್ರ. ಈ ಮಾದರಿ ಇಂಗಾಲವನ್ನು ಹೇಳುತ್ತೆ, ಸಾರಜನಕವನ್ನಲ್ಲ. ಸಾರಜನಕಕ್ಕೆ ಮೇಲಿನ 25ರ ಲೆಕ್ಕವನ್ನೇ ಹಿಡಿಯಬೇಕು.

ಇದರಿಂದ ನಮಗೆ ಎರಡು ಪಾಠ.

ಮೊದಲನೆಯದು: ಮಾರ್ಚ್-ಏಪ್ರಿಲ್‌ನಲ್ಲಿ ಒಣ ಹೊಲಕ್ಕೆ ಗೊಬ್ಬರ ಹರಡಿ "ಬಿತ್ತನೆ ಹೊತ್ತಿಗೆ ಕಳೀತದೆ" ಅಂತ ಕೂತರೆ ಕಳಿಯಲ್ಲ, ಬರೀ ಒಣಗುತ್ತೆ. ಅದೇ ಗೊಬ್ಬರ ಗುಂಡಿಯಲ್ಲಿ ನೀರು ಚಿಮುಕಿಸಿ ಮುಚ್ಚಿಟ್ಟರೆ ಕಳಿಯುತ್ತೆ.

ಎರಡನೆಯದು: ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದ ತಕ್ಷಣ ಸೂಕ್ಷ್ಮಜೀವಿಗಳು ಒಮ್ಮೆಲೇ ಎದ್ದು ಸಾರಜನಕ ಬಿಡುತ್ತವೆ. 1950ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ಇದನ್ನು ವಿವರವಾಗಿ ಅಳೆದ ಬರ್ಚ್ ಅನ್ನೋ ವಿಜ್ಞಾನಿಯ ಹೆಸರೇ ಈ ಪರಿಣಾಮಕ್ಕೆ ಬಂದಿದೆ. ಮೇ ತಿಂಗಳ ಮಳೆಗೆ ಎದ್ದ ಸಾರಜನಕ ನಮ್ಮ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಹಿಡಿಯೋರಿಲ್ಲದೆ ಕೆಳಗೆ ಬಸಿದು ಹೋಗುತ್ತೆ. ಮೇನಲ್ಲಿ ಅಪ್ಸೆಣಬು ಅಥವಾ ಹುರುಳಿ ಎರಚಿದರೆ ಅದು ಆ ಸಾರಜನಕವನ್ನು ಹಿಡಿದಿಟ್ಟು ನಂತರ ರಾಗಿಗೆ ಕೊಡುತ್ತೆ.

ಬೇಗ ಕರಗಿದರೆ ಒಳ್ಳೇದಾ?

ಪೂರ್ತಿ ಅಲ್ಲ. ಬೇಗ ಕರಗೋದು ಈ ಬೆಳೆಗೆ ಊಟ, ನಿಧಾನಕ್ಕೆ ಕರಗೋದು ಭೂಮಿಗೆ ಆಸ್ತಿ. ತೇವ ಹಿಡಿಯೋದು, ಮಣ್ಣು ಹುಡಿಯಾಗಿರೋದು ಎರಡನೆಯದರಿಂದ. ಬೆಂಗಳೂರಿನ ಜಿಕೆವಿಕೆಯ ಕೆಂಪು ಮಣ್ಣಿನಲ್ಲಿ 1978ರಿಂದ ರಾಗಿ ಮೇಲೆ ದೀರ್ಘಾವಧಿ ಪ್ರಯೋಗ ನಡೆದಿದೆ. ಅದರ 27 ವರ್ಷದ ಲೆಕ್ಕದ ಪ್ರಕಾರ ಮಣ್ಣಿನ ಇಂಗಾಲ ಇಳಿಯದಂತೆ ಕಾಯೋಕೆ ವರ್ಷಕ್ಕೆ ಹೆಕ್ಟೇರಿಗೆ 1.13 ಟನ್ ಇಂಗಾಲ ಮಣ್ಣಿಗೆ ಸೇರಬೇಕು. ಎಕರೆಗೆ ಸುಮಾರು 450 ಕಿಲೋ. ಇದರಲ್ಲಿ ಬೇರು, ಕೂಳೆಯಿಂದ ಬರೋದೂ ಸೇರಿದೆ.

ಮಣ್ಣು, ತೇವ ಬೆರೆತ ಕೊಟ್ಟಿಗೆ ಗೊಬ್ಬರದಲ್ಲಿ ಇಂಗಾಲ ನೂರಕ್ಕೆ 10ರಿಂದ 15. ರಾಗಿಗೆ ಎಕರೆಗೆ ಶಿಫಾರಸಾದ 3 ಟನ್ ಹಾಕಿದರೆ 300ರಿಂದ 450 ಕಿಲೋ ಇಂಗಾಲ. ಬೇರು, ಕೂಳೆ ಸೇರಿದರೆ ಲೆಕ್ಕ ಸರಿಹೋಗುತ್ತೆ. ಮೂರು ವರ್ಷಕ್ಕೊಮ್ಮೆ ಒಂದು ಲೋಡ್ ಹಾಕೋರ ಹೊಲದಲ್ಲಿ ಸರಿಹೋಗಲ್ಲ. ಅಲ್ಲಿ ವರ್ಷ ವರ್ಷ ಬಂಡವಾಳ ಕರಗ್ತಾ ಇರುತ್ತೆ.

ಜಾಲರಿ ಚೀಲದ ಪರೀಕ್ಷೆ: ನಿಮ್ಮ ಹೊಲದ ಉತ್ತರ

ಪುಸ್ತಕದ ಅಂಕಿ ದಾರಿ ತೋರಿಸುತ್ತೆ, ನಿಮ್ಮ ಹೊಲದ ಅಂಕಿ ನಿಮ್ಮ ಹೊಲವೇ ಹೇಳಬೇಕು. ವಿಜ್ಞಾನಿಗಳು ಮಾಡೋ ಪರೀಕ್ಷೆಯನ್ನೇ ನೀವೂ ಮಾಡಬಹುದು.

1. ಊಜಿ ನೊಣ ತಡೆಯೋಕೆ ಹುಳು ಮನೆಗೆ ಕಟ್ಟೋ ನೈಲಾನ್ ಜಾಲರಿ ಅಥವಾ ಸೊಳ್ಳೆ ಪರದೆಯಿಂದ ಅಂಗೈ ಅಗಲದ 9 ಚೀಲ ಹೊಲಿಯಿರಿ. ಹತ್ತಿ ಬಟ್ಟೆ ಬೇಡ, ಅದೇ ಕರಗಿ ಹೋಗುತ್ತೆ.
2. ಹಾಕಬೇಕೆಂದಿರೋ ತ್ಯಾಜ್ಯವನ್ನು ನೆರಳಿನಲ್ಲಿ ಗರಿಗರಿ ಒಣಗಿಸಿ, ಪ್ರತಿ ಚೀಲಕ್ಕೆ ಸರಿಯಾಗಿ 50 ಗ್ರಾಂ ತುಂಬಿ.
3. ಹೊಲದಲ್ಲಿ ಗೇಣುದ್ದಕ್ಕಿಂತ ಕಡಿಮೆ, ಸುಮಾರು 10 ಸೆಂಟಿಮೀಟರ್ ಆಳದಲ್ಲಿ ಹೂತು ಕಡ್ಡಿ ನೆಡಿ. ಜಾಗದ ಫೋಟೋ ತೆಗೆದು ತಾರೀಕು ಬರೆದಿಡಿ.
4. 15, 30, 60ನೇ ದಿನ ಮೂರು ಮೂರು ಚೀಲ ತೆಗೆಯಿರಿ. ಮಣ್ಣು ಕೊಡವಿ, ಬೇರು ತೆಗೆದು, ಮತ್ತೆ ಗರಿಗರಿ ಒಣಗಿಸಿ ತೂಗಿ. ಮೂರರ ಸರಾಸರಿ ತೆಗೆದುಕೊಳ್ಳಿ.

30ನೇ ದಿನ 50 ಗ್ರಾಂ 30 ಆಗಿದ್ದರೆ ಉಳಿದಿರೋದು ಶೇಕಡಾ 60. ಅದೇ ವೇಗದಲ್ಲಿ 60ನೇ ದಿನಕ್ಕೆ 60ರಲ್ಲಿ 60, ಅಂದ್ರೆ ಶೇಕಡಾ 36, ಸುಮಾರು 18 ಗ್ರಾಂ ಉಳಿಯಬೇಕು. ನಿಜವಾಗಿ 22 ಉಳಿದಿದ್ದರೆ ಗಾಬರಿ ಬೇಡ, ಮೊದಲು ಮೆತ್ತನೆಯದು ಹೋಗಿ ಕೊನೆಗೆ ಗಟ್ಟಿಯದು ಉಳಿಯೋದರಿಂದ ವೇಗ ಕಡಿಮೆ ಆಗುತ್ತೆ. ಇದೇ ಪರೀಕ್ಷೆಯನ್ನು ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಮಾಡಿದರೆ ನಿಮ್ಮ ಹೊಲದ ಕ್ಯಾಲೆಂಡರ್ ಕೈಗೆ ಸಿಗುತ್ತೆ.

ಬೆಳೆವಾರು ಏನು ಮಾಡಬೇಕು?

ಹಿಪ್ಪುನೇರಳೆ. ಇಲ್ಲಿ ಗಡಿಯಾರ ಬಹಳ ಬಿಗಿ. ಕಟಾವಾದ ಮೇಲೆ 60-70 ದಿನಕ್ಕೆ ಮತ್ತೆ ಸೊಪ್ಪು ಬೇಕು. ಎರಡನೇ ವಾರದಿಂದ ಆರೇಳನೇ ವಾರದವರೆಗೆ ಗಿಡಕ್ಕೆ ಸಾರಜನಕದ ಹಸಿವು ಜೋರು. ಕಟಾವಾದ ಕೂಡಲೇ ಹಸಿ ಕಡ್ಡಿ ಹೂತರೆ ಸಾಲ ಕೇಳೋ ಕಾಲವೂ ಅದೇ ವಾರಗಳಲ್ಲಿ ಬರುತ್ತೆ. ಸೊಪ್ಪು ತಿಳಿಯಾದರೆ ಹುಳು ಸೊರಗುತ್ತೆ, ಗೂಡು ಹಗುರಾಗುತ್ತೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅದರ ಬೆಲೆ ತೆರಬೇಕು.

ಒಂದು ಹೆಕ್ಟೇರ್ ತೋಟದಿಂದ ವರ್ಷಕ್ಕೆ 12ರಿಂದ 15 ಟನ್ ರೇಷ್ಮೆ ತ್ಯಾಜ್ಯ ಬರುತ್ತೆ. ಎಕರೆಗೆ 5-6 ಟನ್. ಇದು ಚಿನ್ನ, ಆದರೆ ಹಸಿಯಾಗಿ ತೋಟಕ್ಕೆ ಹಾಕಬೇಡಿ. ಹಾಲುತೊಂಡೆ, ಸುಣ್ಣಕಟ್ಟು ರೋಗದ ಸೋಂಕು ಸೊಪ್ಪಿನ ಮೂಲಕ ಮತ್ತೆ ಹುಳು ಮನೆಗೇ ಬರುತ್ತೆ. ರೋಗ ಬಂದ ಹುಳುಗಳನ್ನು ಬೇರೆ ಮಾಡಿ ಸುಟ್ಟು ಹಾಕಿ. ಉಳಿದದ್ದರಲ್ಲಿ ಕಡ್ಡಿ ತುಂಡರಿಸಿ, ಹಿಕ್ಕೆ-ಸೊಪ್ಪು-ಸಗಣಿ ಜೊತೆ ಪದರ ಹಾಕಿ ಗುಂಡಿಯಲ್ಲಿ ಮುಚ್ಚಿ. ರಾಶಿ ಒಳಗೆ ಕೈ ಇಡೋಕಾಗದಷ್ಟು ಕಾವು ಬರಬೇಕು. ಮೂರ್ನಾಲ್ಕು ತಿಂಗಳಲ್ಲಿ ಕಪ್ಪಾಗಿ, ಮಣ್ಣಿನ ವಾಸನೆ ಬಂದ ಮೇಲೆ ಹಾಕಿ. ನೀರಾವರಿ ತೋಟಕ್ಕೆ ಎಕರೆಗೆ ವರ್ಷಕ್ಕೆ 8 ಟನ್ ಕೊಟ್ಟಿಗೆ ಗೊಬ್ಬರದ ಶಿಫಾರಸು ಇದೆ. ಎರಡು ಕಂತಿನಲ್ಲಿ ಕಟಾವಾದ ಕೂಡಲೇ ಕೊಡಿ. ಈ ಕಾಂಪೋಸ್ಟ್ ಅದರಲ್ಲಿ ದೊಡ್ಡ ಪಾಲು ತುಂಬುತ್ತೆ.

ರಾಗಿ. ಕಳಿತ ಗೊಬ್ಬರವನ್ನು ಬಿತ್ತನೆಗೆ ಎರಡು-ಮೂರು ವಾರ ಮುಂಚೆ, ಮಣ್ಣಲ್ಲಿ ತೇವ ಇರುವಾಗ ಸೇರಿಸಿ. ಅಪ್ಸೆಣಬನ್ನು ಹೂ ಬಿಡೋ ಹೊತ್ತಿಗೆ, 45 ದಿನದ ಆಸುಪಾಸು, ಉತ್ತು 10-15 ದಿನ ಬಿಟ್ಟು ಬಿತ್ತಿ. ಬಲಿತು ನಾರಾದ ಮೇಲೆ ಉತ್ತರೆ ಅದೂ ಹುಲ್ಲಿನ ಸಾಲಿಗೆ ಸೇರುತ್ತೆ.

ತೆಂಗು, ಬಾಳೆ. ನಾರಿನ ಪುಡಿಯನ್ನು ಕಳಿಸಿಯೇ ಬಳಸಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿಧಾನದಲ್ಲಿ ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ, 5 ಬಾಟಲಿ ಚಿಪ್ಪು ಅಣಬೆಯ ಬೀಜ. ನೂರು ನೂರು ಕಿಲೋ ಪದರ ಹಾಕಿ, ಒಂದು ಪದರಕ್ಕೆ ಅಣಬೆ ಬೀಜ, ಮುಂದಿನದಕ್ಕೆ ಯೂರಿಯಾ. ನೆರಳಿನಲ್ಲಿ ತೇವ ಆರದಂತೆ ಇಟ್ಟರೆ ಒಂದು ತಿಂಗಳಲ್ಲಿ ಅನುಪಾತ 112ರಿಂದ 24ಕ್ಕೆ ಇಳಿಯುತ್ತೆ. ಅಣಬೆ ಜಾತಿಯ ಶಿಲೀಂಧ್ರಕ್ಕೆ ಮಾತ್ರ ಲಿಗ್ನಿನ್ ಒಡೆಯೋ ಶಕ್ತಿ ಚೆನ್ನಾಗಿರೋದರಿಂದ ಈ ದಾರಿ. ಇನ್ನು ತೋಟದ ಪಕ್ಕದಲ್ಲೇ ಅರೆ ಕಳಿತ ತಿಪ್ಪೆ ಇದ್ದರೆ ಕೆದಕಿ ನೋಡಿ. ಬಿಳಿ ದಪ್ಪ ಹುಳು ಕಂಡರೆ ಅವು ತೆಂಗಿನ ಸುಳಿ ಕೊರೆಯೋ ಕುರುವಾಯಿ ದುಂಬಿಯ ಮರಿಗಳಾಗಿರಬಹುದು. ಆರಿಸಿ ಕೊಲ್ಲಿ.

ಮಾವು. ಬಿದ್ದ ಎಲೆ ಸುಡಬೇಡಿ. ಬುಡದಿಂದ ಸ್ವಲ್ಪ ದೂರ ಬಿಟ್ಟು ಪಾತಿ ಮೇಲೆ ಹಾಸಿ. ನಿಧಾನಕ್ಕೆ ಕರಗೋದೇ ಇಲ್ಲಿ ಅನುಕೂಲ, ಬೇಸಿಗೆ ಪೂರ್ತಿ ತೇವ ಕಾಯುತ್ತೆ. ರೋಗ ಬಂದ ಎಲೆ, ಕಡ್ಡಿ ಮಾತ್ರ ತೋಪಿನಿಂದ ಹೊರಗೆ ಸಾಗಿಸಿ.

ಈ ವಾರದ ಕೆಲಸ

ಹೊಲಕ್ಕೆ ಹಾಕಬೇಕೆಂದಿರೋ ಪ್ರತಿ ತ್ಯಾಜ್ಯಕ್ಕೂ ಮೂರು ಪ್ರಶ್ನೆ ಕೇಳಿ ಮೊಬೈಲ್‌ನಲ್ಲಿ ಬರೆದಿಡಿ. ಅನುಪಾತ 25ರ ಮೇಲೋ ಕೆಳಗೋ? ಮುರಿದರೆ ಮೆತ್ತಗೋ, ನಾರೋ, ಚಕ್ಕಳವೋ? ಬೆಳೆಗೆ ಹಸಿವಾಗೋ ವಾರಕ್ಕೆ ಇದು ಕೊಡೋ ಹಂತದಲ್ಲಿರುತ್ತಾ, ಕೇಳೋ ಹಂತದಲ್ಲಿರುತ್ತಾ? ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಟ್ರ್ಯಾಕ್ಟರ್‌ಗೆ ಫೋನ್ ಮಾಡಿ.

ಮಣ್ಣು ಪರೀಕ್ಷೆ ಮಾಡಿಸಿ ಎರಡು ವರ್ಷ ದಾಟಿದ್ದರೆ ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ವರದಿ ಬಂದಾಗ ಎನ್‌ಪಿಕೆ ಸಾಲು ನೋಡೋ ಮುಂಚೆ "ಸಾವಯವ ಇಂಗಾಲ" ಅನ್ನೋ ಸಾಲು ನೋಡಿ. ಅದು 0.5ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಭೂಮಿಗೆ ಬೇಗ ಕರಗೋ ಗೊಬ್ಬರ ಒಂದೇ ಸಾಲದು, ನಿಧಾನಕ್ಕೆ ಕರಗೋದನ್ನೂ ಪ್ರತಿ ವರ್ಷ ತಪ್ಪದೆ ಕೊಡಬೇಕು ಅಂತ ಅರ್ಥ.